ವೆಲ್ಡಿಂಗ್ ಮಷಿನ್‌ಗೆ ಟ್ರಾಲಿ ನೀವೇ ಮಾಡ್ಕೊಳ್ಳೋದು ಹೇಗೆ? ಪೀಣ್ಯದ ಗುಂಡಿಗೂ ಉರುಳದ ಅಳತೆ ಇಲ್ಲಿದೆ

ಪೀಣ್ಯ: ಊರಿಗೆಲ್ಲ ಗೇಟು, ಗ್ರಿಲ್ಲು, ಇಡ್ಲಿ ಗಾಡಿ, ಶೆಲ್ಫು ಮಾಡಿಕೊಡುವ ವೆಲ್ಡಿಂಗ್ ಅಂಗಡಿಗೆ ಒಮ್ಮೆ ಹೋಗಿ ನೋಡಿ. ಅವರದೇ ಮಷಿನ್ ಮಾತ್ರ ನೆಲದ ಮೇಲೆ, ಇಲ್ಲಾಂದ್ರೆ ಖಾಲಿ ಪೈಂಟ್ ಡಬ್ಬದ ಮೇಲೆ ಕೂತಿರುತ್ತೆ. ಕೇಬಲ್ ಬಾಗಿಲವರೆಗೂ ಹರಡಿರುತ್ತೆ. ಗ್ಯಾಸ್ ಸಿಲಿಂಡರ್ ಗೋಡೆಗೆ ಒರಗಿರುತ್ತೆ, ಕಟ್ಟಿದ್ದರೂ ಬೈಂಡಿಂಗ್ ವೈರ್‌ನಲ್ಲಿ. ಕೇಳಿದರೆ "ಮಾಡ್ಬೇಕು ಸರ್, ಟೈಮೇ ಸಿಕ್ಕಿಲ್ಲ" ಅನ್ನೋ ಉತ್ತರ. ರಾಜಗೋಪಾಲನಗರದಿಂದ ಜಿಗಣಿವರೆಗೂ ಇದೇ ಕಥೆ.

ಕೆಲಸ ದೊಡ್ಡದೇನಲ್ಲ. ಗುಜರಿಯಲ್ಲಿ ಬಿದ್ದಿರೋ ತುಂಡು ಆಂಗಲ್, ಒಂದು ಲೆಂತ್ ಸ್ಕ್ವೇರ್ ಪೈಪ್, ನಾಲ್ಕು ವೀಲು ಇದ್ದರೆ ಒಂದು ಭಾನುವಾರದಲ್ಲಿ ಮುಗಿಯುತ್ತೆ. ಆದರೆ ಅಳತೆ ತಪ್ಪಿದ ಟ್ರಾಲಿಗಿಂತ ನೆಲವೇ ವಾಸಿ. ಯಾಕಂದ್ರೆ ನೆಲದ ಮೇಲಿರೋ ಮಷಿನ್ ಯಾರ ಮೇಲೂ ಬೀಳಲ್ಲ. ಟ್ರಾಲಿಯಲ್ಲಿ ತುಂಬಿದ ಸಿಲಿಂಡರ್ ಇರುತ್ತೆ, ಕರೆಂಟ್ ಇರುತ್ತೆ, ಅದನ್ನ ತಳ್ಳೋಕೆ ಬರೋದು ಸಾಮಾನ್ಯವಾಗಿ ಅಂಗಡಿಗೆ ಹೊಸದಾಗಿ ಸೇರಿದ ಹುಡುಗ. ಹಾಗಾಗಿ ಅಂದಕ್ಕಿಂತ ಮೊದಲು ಅಳತೆ ನೋಡೋಣ.

ನೆಲದ ಮೇಲೆ ಇಟ್ಟರೆ ಏನಾಗುತ್ತೆ?

ಈಗ ಎಲ್ಲರ ಹತ್ರ ಇರೋದು ಇನ್ವರ್ಟರ್ ಮಷಿನ್. ಹಳೇ ಆಯಿಲ್ ಮಷಿನ್ ನೂರು ಕೆ.ಜಿ. ತೂಗುತ್ತಿದ್ದರೂ ಒಳಗೆ ತಾಮ್ರದ ಸುತ್ತು ಬಿಟ್ಟರೆ ಕೆಡೋಕೆ ಹೆಚ್ಚೇನಿರಲಿಲ್ಲ. ಇನ್ವರ್ಟರ್ ಹಾಗಲ್ಲ. ಒಳಗೆ ಸರ್ಕ್ಯೂಟ್ ಬೋರ್ಡ್ ಇದೆ, ಅದನ್ನ ತಂಪು ಮಾಡೋಕೆ ಫ್ಯಾನ್ ಇದೆ. ನೆಲದಲ್ಲಿ ಇಟ್ಟರೆ ಆ ಫ್ಯಾನ್ ಎಳೆದುಕೊಳ್ಳೋದು ಗ್ರೈಂಡರ್‌ನಿಂದ ಉದುರಿದ ಕಬ್ಬಿಣದ ಪುಡಿಯನ್ನೇ. ಕಬ್ಬಿಣದ ಪುಡಿ ಕರೆಂಟ್ ಹರಿಸುತ್ತೆ. ಬೋರ್ಡ್ ಮೇಲೆ ಪದರ ಕಟ್ಟಿ, ಮಳೆಗಾಲದ ತೇವ ಸೇರಿದ ದಿನ ಶಾರ್ಟ್ ಆಗಿ ಮಷಿನ್ ಹೋಗುತ್ತೆ. "ಚೈನಾ ಮಾಲು, ಬಾಳಿಕೆ ಇಲ್ಲ" ಅಂತ ನಾವು ಬೈಕೊಳ್ತೀವಿ. ಮಷಿನ್‌ನ ಸೊಂಟದೆತ್ತರಕ್ಕೆ, ಅಂದ್ರೆ ನೆಲದಿಂದ 70 ಸೆಂ.ಮೀ. ಮೇಲೆ ಇಟ್ಟರೆ ಈ ಪುಡಿಯ ಕಾಟ ತುಂಬಾ ಕಡಿಮೆಯಾಗುತ್ತೆ. ಗ್ರೈಂಡಿಂಗ್ ಮಾಡೋ ದಿಕ್ಕಿಗೆ ಫ್ಯಾನ್ ಮುಖ ಮಾಡದಿದ್ದರೆ ಇನ್ನೂ ಒಳ್ಳೇದು.

ಇನ್ನು ಬೆನ್ನು. 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್‌ನಲ್ಲೇ, ಗಾಯ ಆಗುವಷ್ಟು ಭಾರವನ್ನ ಕೆಲಸಗಾರನ ಕೈಲಿ ಎತ್ತಿಸಬಾರದು, ಹೊರಿಸಬಾರದು, ಸರಿಸಬಾರದು ಅಂತಿತ್ತು. ಇಬ್ಬರೇ ಕೆಲಸ ಮಾಡೋ ಶೆಡ್ಡಿಗೆ ಆ ಕಾಯ್ದೆ ಅನ್ವಯಿಸದೇ ಇದ್ದಿರಬಹುದು, ಡಿಸ್ಕ್ ಜಾರೋದಕ್ಕೆ ಅದೆಲ್ಲ ಗೊತ್ತಿಲ್ಲ.

ಮೊದಲು ತೂಕ ಬರ್ಕೊಳ್ಳಿ

ಟ್ರಾಲಿ ಮೇಲೆ ಏನೇನು ಕೂರುತ್ತೆ ಅಂತ ಒಂದು ಚೀಟಿಯಲ್ಲಿ ಬರೀರಿ. ಬರೀ ರಾಡ್ ವೆಲ್ಡಿಂಗ್ ಮಾಡೋರಾದರೆ 200 ಆಂಪಿಯರ್ ಇನ್ವರ್ಟರ್ ಹತ್ತು ಕೆ.ಜಿ. ಒಳಗೇ ಇರುತ್ತೆ. ಅಂಥವರಿಗೆ ಎರಡು ವೀಲಿನ ಸಣ್ಣ ಗಾಡಿ ಸಾಕು, ಮುಂದಿನ ಲೆಕ್ಕ ಅಷ್ಟು ಬೇಕಿಲ್ಲ. ಆದರೆ ಹೋಲ್ಡರ್ ನೇತಾಕೋ ವಿಷಯ ಕೆಳಗಿದೆ, ಅದನ್ನ ಮಾತ್ರ ತಪ್ಪದೇ ಓದಿ.

ಮಿಗ್ ಮಷಿನ್ ಇರೋರಿಗೆ ಲೆಕ್ಕ ಬೇರೆ. ಮಷಿನ್ 35 ಕೆ.ಜಿ. ಅಂದ್ಕೊಳ್ಳಿ, ತುಂಬಿದ ದೊಡ್ಡ ಸಿಲಿಂಡರ್ 75, ಕೇಬಲ್ಲು ಮತ್ತು ಟೂಲ್ಸ್ 15, ಟ್ರಾಲಿದೇ ತೂಕ 30. ಒಟ್ಟು 155 ಕೆ.ಜಿ. ನಾಲ್ಕು ವೀಲಿದೆ ಅಂತ ನಾಲ್ಕರಿಂದ ಭಾಗಿಸಬೇಡಿ. ನೆಲ ಎಲ್ಲೂ ಸಮ ಇರಲ್ಲ, ಹೊಸ್ತಿಲು ದಾಟುವಾಗ ಒಂದು ವೀಲು ಗಾಳಿಯಲ್ಲೇ ಇರುತ್ತೆ. ಮೂರರಿಂದ ಭಾಗಿಸಿದರೆ ವೀಲಿಗೆ 52 ಕೆ.ಜಿ. ಬರುತ್ತೆ. ಅದರಲ್ಲೂ ಹಿಂದಿನ ಎರಡು ವೀಲಿಗೆ ಸಿಲಿಂಡರ್ ಭಾರ ಬೀಳೋದರಿಂದ ಹಿಂದಕ್ಕೆ 100 ಕೆ.ಜಿ. ತಾಳೋ ವೀಲು, ಮುಂದಕ್ಕೆ 75 ಕೆ.ಜಿ.ದು ತಗೊಳ್ಳಿ. ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮ ಏರಿಯಾ ಹಾರ್ಡ್‌ವೇರ್ ಅಂಗಡಿಯಲ್ಲಾಗಲಿ "ಟ್ರಾಲಿ ವೀಲು" ಅಂದರೆ ಕೊಡ್ತಾರೆ. ಬರೀ ಸೈಜ್ ಕೇಳಬೇಡಿ, ಎಷ್ಟು ಲೋಡ್ ತಾಳುತ್ತೆ ಅಂತಾನೂ ಕೇಳಿ.

ಹಿಂದಕ್ಕೆ 8 ಇಂಚಿನ ಗಟ್ಟಿ ರಬ್ಬರ್ ವೀಲು, ಮುಂದಕ್ಕೆ 4 ಇಂಚಿನ ತಿರುಗೋ ವೀಲು, ಬ್ರೇಕ್ ಇರೋದು. ನೈಲಾನ್ ವೀಲು ನುಣುಪು ನೆಲದ ಮೇಲೆ ಬೆಣ್ಣೆ ತರ ಓಡುತ್ತೆ, ಆದರೆ ಒಂದು ಜಲ್ಲಿ ಚೂರು ಸಿಕ್ಕರೆ ಅಲ್ಲೇ ನಿಂತುಬಿಡುತ್ತೆ. ಲೇತ್ ಇರೋ ಶೆಡ್ಡಿನಲ್ಲಿ ರಬ್ಬರಿಗೆ ಚಿಪ್ಸ್ ಚುಚ್ಚಿಕೊಳ್ಳುತ್ತೆ, ವಾರಕ್ಕೊಮ್ಮೆ ಸ್ಕ್ರೂಡ್ರೈವರ್‌ನಲ್ಲಿ ಕಿತ್ತು ಹಾಕಬೇಕಾಗುತ್ತೆ. ಎರಡರಲ್ಲಿ ಯಾವ ತಲೆನೋವು ನಿಮಗೆ ಸರಿ ಅಂತ ನೀವೇ ನೋಡ್ಕೊಳ್ಳಿ.

ಗುಂಡಿಯ ಲೆಕ್ಕ

ಅಗಲ ಎಷ್ಟಿರಬೇಕು ಅನ್ನೋದರಲ್ಲೇ ಹೆಚ್ಚಿನವರು ಎಡವೋದು. ಅಂಗಡಿ ಚಿಕ್ಕದು, ಟ್ರಾಲಿ ಸಣ್ಣಗಿದ್ದರೆ ಒಳ್ಳೇದು ಅಂತ ಒಂದಡಿ ಚಿಲ್ಲರೆ ಅಗಲಕ್ಕೆ ಮಾಡಿಬಿಡ್ತಾರೆ.

ದೊಡ್ಡ ಸಿಲಿಂಡರ್ ಸುಮಾರು ಒಂದೂವರೆ ಮೀಟರ್ ಎತ್ತರ. ಟ್ರಾಲಿ ತಟ್ಟೆ ನೆಲದಿಂದ 10 ಸೆಂ.ಮೀ. ಮೇಲಿದ್ದರೆ, ಸಿಲಿಂಡರ್‌ನ ಭಾರದ ಮಧ್ಯ ನೆಲದಿಂದ ಸುಮಾರು 80 ಸೆಂ.ಮೀ.ಗೆ ಬರುತ್ತೆ. ಹಿಂದಿನ ಎರಡು ವೀಲಿನ ಅಂತರ 35 ಸೆಂ.ಮೀ. ಇದ್ದರೆ, ಆ ಸಿಲಿಂಡರ್ 12 ಡಿಗ್ರಿ ವಾಲಿದ ತಕ್ಷಣ ಉರುಳುತ್ತೆ. ಒಂದು ವೀಲು ನಾಲ್ಕು ಇಂಚಿನ ಗುಂಡಿಗೆ ಇಳಿದರೆ ವಾಲೋದು 16 ಡಿಗ್ರಿಗೂ ಮೇಲೆ. ಅಂದರೆ ಬಿತ್ತು. ಅದೇ ಅಂತರ 50 ಸೆಂ.ಮೀ. ಮಾಡಿದರೆ ಉರುಳೋಕೆ 17 ಡಿಗ್ರಿ ಬೇಕು, ಅದೇ ಗುಂಡಿಯಲ್ಲಿ ವಾಲೋದು ಹನ್ನೊಂದೂವರೆ ಮಾತ್ರ. ವಾಲುತ್ತೆ, ಎದೆ ಧಸಕ್ ಅನ್ನುತ್ತೆ, ಆದರೆ ನಿಲ್ಲುತ್ತೆ. ಇದು ನಿಧಾನವಾಗಿ ತಳ್ಳುವಾಗಿನ ಲೆಕ್ಕ.  ನಾಲ್ಕು ಇಂಚಿನ ಗುಂಡಿ ನಮ್ಮ ಕಡೆ ಎಲ್ಲೆಲ್ಲಿದೆ ಅಂತ ಓದುಗರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ವೀಲಿನಿಂದ ವೀಲಿಗೆ 50 ಸೆಂ.ಮೀ., ಅದಕ್ಕಿಂತ ಕಡಿಮೆ ಬೇಡ. ವೀಲಿನ ದಪ್ಪ ಸೇರಿ ಹೊರ ಅಳತೆ 58ಕ್ಕೆ ಬರುತ್ತೆ. ಅಪಾರ್ಟ್‌ಮೆಂಟ್ ಲಿಫ್ಟ್ ಬಾಗಿಲು ಸಾಮಾನ್ಯವಾಗಿ 80 ಸೆಂ.ಮೀ. ಆಸುಪಾಸು ಇರೋದರಿಂದ ಅಲ್ಲೂ ಹೋಗುತ್ತೆ.

ಕಬ್ಬಿಣ, ಕಟಿಂಗ್, ಟ್ಯಾಕ್

ತಳದ ಫ್ರೇಮ್‌ಗೆ 40x40x5 ಆಂಗಲ್. 80 ಸೆಂ.ಮೀ. ಉದ್ದ, 45 ಅಗಲ, ಮಧ್ಯೆ ಎರಡು ಅಡ್ಡಪಟ್ಟಿ. ಒಟ್ಟು 3.4 ಮೀಟರ್. ಈ ಆಂಗಲ್ ಮೀಟರಿಗೆ 3 ಕೆ.ಜಿ. ಬರೋದರಿಂದ ಹತ್ತು ಕೆ.ಜಿ. ಆಯ್ತು. ನಿಲುಗಂಬ, ಮೇಲಿನ ಫ್ರೇಮ್, ಹ್ಯಾಂಡಲ್ ಎಲ್ಲಕ್ಕೂ 25x25x2 ಸ್ಕ್ವೇರ್ ಪೈಪ್ ಒಂದು ಲೆಂತ್, ಅಂದರೆ 6 ಮೀಟರ್ ಸಾಕು. ಅದು ಎಂಟೂವರೆ ಕೆ.ಜಿ. ಸಿಲಿಂಡರ್ ಕೂರೋ ತಟ್ಟೆಗೆ 3 ಮಿ.ಮೀ. ಶೀಟು 45x30, ಮಷಿನ್ ತಟ್ಟೆಗೆ 2 ಮಿ.ಮೀ. ಶೀಟು 45x50. ಎಲ್ಲ ಸೇರಿ 25 ಕೆ.ಜಿ. ಕಬ್ಬಿಣ. ಕೆ.ಜಿ. ದರ ದಿನಕ್ಕೊಂದು ಇರೋದರಿಂದ ಇವತ್ತಿನ ರೇಟಿಗೆ ನೀವೇ ಗುಣಿಸಿಕೊಳ್ಳಿ. ಗುಜರಿ ಮಾಲಾದರೆ ಅರ್ಧ ದುಡ್ಡು ಉಳಿಯಬಹುದು, ಆದರೆ ತುಕ್ಕು ತಿಂದು ತೆಳುವಾದ ಆಂಗಲ್ ತಳಕ್ಕೆ ಬೇಡ. ಗುಜರಿಯಲ್ಲಿ ಸಿಗೋ ಜಿಐ ನೀರಿನ ಪೈಪ್ ಹ್ಯಾಂಡಲ್‌ಗೆ ಚೆನ್ನಾಗಿ ಕಾಣುತ್ತೆ, ಹಾಗೇ ವೆಲ್ಡ್ ಮಾಡಬೇಡಿ. ಮೇಲಿರೋ ಸತು ಸುಟ್ಟು ಬಿಳಿ ಹೊಗೆ ಬರುತ್ತೆ. ಅದನ್ನ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಜಾಯಿಂಟ್ ಬರೋ ಕಡೆ ಎರಡು ಇಂಚು ಚೆನ್ನಾಗಿ ಗ್ರೈಂಡ್ ಮಾಡಿ, ಗಾಳಿ ಆಡೋ ಜಾಗದಲ್ಲಿ ಮಾಡಿ.

ಎಲ್ಲ ತುಂಡೂ ಕಟ್ ಮಾಡಿ, ಗುರುತು ಹಾಕಿ, ತಳದ ಫ್ರೇಮ್‌ಗೆ ನಾಲ್ಕು ಮೂಲೆ ಟ್ಯಾಕ್ ಹೊಡೀರಿ. ಫುಲ್ ವೆಲ್ಡ್ ಈಗಲೇ ಬೇಡ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡೀರಿ, ಎರಡು ಅಳತೆಯೂ ಒಂದೇ ಬಂದರೆ ಫ್ರೇಮ್ ಸರಿ ಇದೆ. ಈ ಕೆಲಸ ಎಲ್ಲ ಫ್ಯಾಬ್ರಿಕೇಟರ್‌ಗೂ ಗೊತ್ತು, ಗಿರಾಕಿ ಗೇಟಿಗೆ ಮಾಡ್ತಾರೆ, ಸ್ವಂತ ಟ್ರಾಲಿಗೆ "ನಡೀತದೆ ಬಿಡಿ" ಅಂತಾರೆ. ಫ್ರೇಮ್ ತಿರುಚಿದರೆ ನಾಲ್ಕು ವೀಲಲ್ಲಿ ಒಂದು ಸದಾ ಕುಣಿಯುತ್ತೆ.

ಮುಂದಿನ ವೀಲನ್ನ ಮೊದಲು ಕೈಲಿ ಹಿಡಿದು ಒಟ್ಟು ಎತ್ತರ ಅಳೀರಿ. 4 ಇಂಚಿನ ವೀಲಿಗೆ ಮೇಲಿನ ಪ್ಲೇಟ್ ಸೇರಿ 13 ಸೆಂ.ಮೀ. ಅಂದಾಜು. ಹಿಂದಿನ 8 ಇಂಚು ವೀಲಿನ ಶಾಫ್ಟ್ ನೆಲದಿಂದ 10 ಸೆಂ.ಮೀ. ಎತ್ತರದಲ್ಲಿರುತ್ತೆ. ಹಾಗಾಗಿ ಫ್ರೇಮ್‌ನಿಂದ 3 ಸೆಂ.ಮೀ. ಕೆಳಗೆ ಬರೋ ಹಾಗೆ ಶಾಫ್ಟಿಗೆ ಬ್ರಾಕೆಟ್ ಕೊಡಿ. ಇದನ್ನ ನೋಡದೇ ಶಾಫ್ಟನ್ನ ನೇರ ಫ್ರೇಮಿಗೇ ಅಂಟಿಸಿದರೆ ಟ್ರಾಲಿ ಹಿಂದಕ್ಕೆ ಬಗ್ಗಿ ನಿಲ್ಲುತ್ತೆ, ಆಮೇಲೆ ಕಟ್ ಮಾಡೋದು ತಪ್ಪಲ್ಲ. ಶಾಫ್ಟ್ 20 ಮಿ.ಮೀ. ಬ್ರೈಟ್ ಬಾರ್ ಆಗಲಿ. ವೀಲಿನ ಬೇರಿಂಗ್ ಹೋದಾಗ 6204 ನಂಬರ್ ಬೇರಿಂಗ್ ಅದಕ್ಕೆ ಸರಿಯಾಗಿ ಕೂರುತ್ತೆ, ಅದು ಎಲ್ಲ ಕಡೆ ಸಿಗೋ ಬೇರಿಂಗು. ತುದಿಗೆ ವಾಷರ್ ಹಾಕಿ ಸ್ಪ್ಲಿಟ್ ಪಿನ್ ಹಾಕಿ. ಶಾಫ್ಟಿಗೇ ವಾಷರ್ ವೆಲ್ಡ್ ಮಾಡಿಬಿಟ್ಟರೆ ನಾಳೆ ವೀಲು ಬಿಚ್ಚೋಕೆ ಗ್ರೈಂಡರ್ ಹಿಡೀಬೇಕಾಗುತ್ತೆ.

ಮೇಲಿನ ಮಷಿನ್ ತಟ್ಟೆಯನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಿದರೆ ಆಂಪಿಯರ್ ನಾಬ್ ನಿಂತಲ್ಲೇ ಕಾಣುತ್ತೆ. ಅಂಚಿಗೆ ಒಂದು ಇಂಚಿನ ಫ್ಲಾಟ್ ಪಟ್ಟಿ ತಡೆ ಕೊಡಿ, ಜೊತೆಗೊಂದು ಬೆಲ್ಟ್. ಮಷಿನ್ ಹಿಂದೆ ಫ್ಯಾನ್‌ಗೆ ಒಂದಡಿ ಜಾಗ ಖಾಲಿ ಇರಲಿ. ಚೆಂದಕ್ಕೆ ಅಂತ ಸುತ್ತಲೂ ಶೀಟ್ ಹೊಡೆದು ಡಬ್ಬ ಮಾಡಿದವರ ಮಷಿನ್ ಪದೇ ಪದೇ ಟ್ರಿಪ್ ಆಗೋದನ್ನ ನೋಡಿದ್ದೀವಿ. ಮಷಿನ್ ಮೇಲೆ 60 ಪರ್ಸೆಂಟ್ ಡ್ಯೂಟಿ ಸೈಕಲ್ ಅಂತ ಬರೆದಿದ್ದರೆ, ಆ ಆಂಪಿಯರ್‌ನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ ಅಂತ ಅರ್ಥ. ಡಬ್ಬದೊಳಗೆ ಉಸಿರು ಕಟ್ಟಿದರೆ ಆ ಆರೂ ಸಿಗಲ್ಲ.

ಹೋಲ್ಡರ್ ನೇತಾಕೋ ಜಾಗ

ಇಡೀ ಟ್ರಾಲಿಯಲ್ಲಿ ಜೀವಕ್ಕೆ ಸಂಬಂಧಪಟ್ಟಿದ್ದು ಇದೇ ಒಂದು ಕೊಕ್ಕೆ. ಎಲ್ಲರೂ ಕೊನೆಯಲ್ಲಿ ಉಳಿದ ಸರಳಿನ ತುಂಡು ಬಗ್ಗಿಸಿ ಪಟ್ ಅಂತ ಅಂಟಿಸಿಬಿಡ್ತಾರೆ.

ಮಷಿನ್ ಬಾಡಿಗೆ ಮೂರು ಪಿನ್ ಪ್ಲಗ್‌ನಿಂದ ಅರ್ತ್ ಬಂದಿರುತ್ತೆ. ಕಬ್ಬಿಣದ ಟ್ರಾಲಿಗೆ ಮಷಿನ್ ತಾಗಿದರೆ ಟ್ರಾಲಿಗೂ ಅರ್ತ್ ಸಿಗುತ್ತೆ. ಅದು ಬೇಕಾದದ್ದೇ. ಈಗ ರಾಡ್ ಸಿಕ್ಕಿಸಿದ ಹೋಲ್ಡರನ್ನ ಕಬ್ಬಿಣದ ಕೊಕ್ಕೆಗೆ ನೇತು ಹಾಕಿದಿರಿ, ರಾಡ್ ಫ್ರೇಮಿಗೆ ತಾಗಿತು ಅಂದ್ಕೊಳ್ಳಿ. ಮಷಿನ್‌ನ ಇನ್ನೊಂದು ಕೇಬಲ್, ಅಂದರೆ ಕ್ಲಾಂಪ್, ಕಟ್ಟಡದ ಗೇಟಿಗೆ ಹಾಕಿದೆ. ಆ ಗೇಟು ಎಲ್ಲೋ ಕಟ್ಟಡದ ಅರ್ಥಿಂಗ್‌ಗೆ ತಾಗಿದೆ. ನೂರು ಆಂಪಿಯರ್ ವೆಲ್ಡಿಂಗ್ ಕರೆಂಟ್ ಟ್ರಾಲಿಯಿಂದ ಹೊರಟು, ಪ್ಲಗ್ಗಿನ ಸಣ್ಣ ಹಸಿರು ವೈರ್ ಹಿಡಿದು, ಗೇಟಿಗೆ ವಾಪಸ್ ಹೋಗೋಕೆ ನೋಡುತ್ತೆ. ಎರಡೂವರೆ ಸ್ಕ್ವೇರ್ ಎಂ.ಎಂ. ವೈರ್ ಅದನ್ನ ತಾಳಲ್ಲ, ಕವರ್ ಒಳಗೇ ಸುಟ್ಟು ಹೋಗುತ್ತೆ. ಮಷಿನ್ ಮಾತ್ರ ಓಡ್ತಾನೇ ಇರುತ್ತೆ. ಅರ್ತ್ ಹೋಗಿದೆ ಅಂತ ಯಾರಿಗೂ ಗೊತ್ತಾಗಲ್ಲ. ಇನ್ನೊಂದು ದಿನ ಒಳಗಿನ 230 ವೋಲ್ಟ್ ವೈರ್ ಸವೆದು ಬಾಡಿಗೆ ತಾಗಿದಾಗ, ಹ್ಯಾಂಡಲ್ ಹಿಡಿದವನೇ ಅರ್ತ್ ಆಗ್ತಾನೆ. ಮಳೆಯಲ್ಲಿ ಒದ್ದೆ ಚಪ್ಪಲಿ ಹಾಕಿಕೊಂಡಿದ್ದರೆ ಕೇಳೋದೇ ಬೇಡ.

ಹಾಗಾಗಿ ಹೋಲ್ಡರ್‌ಗೆ ಮರದ ತುಂಡಿನ ಕೊಕ್ಕೆ, ಇಲ್ಲಾ ದಪ್ಪ ಪಿವಿಸಿ ಪೈಪ್‌ನ ತೊಟ್ಟಿಲು ಮಾಡಿ. ಒಂದಡಿ ಉದ್ದದ 3 ಇಂಚು ಪಿವಿಸಿ ಪೈಪನ್ನ ಸಿಲಿಂಡರ್ ಇಲ್ಲದ ಕಡೆಗೆ ಬೋಲ್ಟ್ ಮಾಡಿದರೆ ಹೋಲ್ಡರ್ ಅದರೊಳಗೆ ಕೂರುತ್ತೆ. ಬೋಲ್ಟ್ ತಲೆ ಒಳಗೆ ಕಾಣೋ ಹಾಗಿರಬಾರದು. ಕೆಲಸ ನಿಲ್ಲಿಸಿದಾಗ ರಾಡ್ ತೆಗೆದೇ ಇಡಬೇಕು. ಕ್ಲಾಂಪನ್ನ ಟ್ರಾಲಿಗೆ ಕಚ್ಚಿಸಿ ವೆಲ್ಡಿಂಗ್ ಶುರು ಮಾಡೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಕ್ಲಾಂಪ್ ಯಾವಾಗಲೂ ಕೆಲಸದ ಮೇಲೆ, ವೆಲ್ಡ್ ಆಗೋ ಜಾಗಕ್ಕೆ ಹತ್ತಿರ. ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ಕೈಲಿ ಪ್ಲಗ್ಗಿನ ಅರ್ತ್ ಪಿನ್‌ನಿಂದ ಮಷಿನ್ ಬಾಡಿವರೆಗೆ ಕಂಟಿನ್ಯುಟಿ ನೋಡಿಸಿ, ಪ್ಲಗ್ ತೆಗೆದು. ಎರಡು ನಿಮಿಷದ ಕೆಲಸ.

ಕೇಬಲ್ ಸುತ್ತೋಕೆ ಎರಡು ದೊಡ್ಡ ಕೊಂಬು ಕೊಡಿ, ಮೊನಚು ಬೇಡ. ಕೆಲಸ ಮಾಡುವಾಗ ಕೇಬಲ್ ಪೂರ್ತಿ ಬಿಚ್ಚಿಕೊಳ್ಳಿ. ಸುರುಳಿಯಲ್ಲೇ ಬಿಟ್ಟು ಎಳೆದರೆ ಬಿಸಿಯಾಗುತ್ತೆ, ಹಳೇ ಎ.ಸಿ. ಮಷಿನ್ ಆದರೆ ಕಬ್ಬಿಣದ ಸುತ್ತ ಸುತ್ತಿದ ಕೇಬಲ್ ಆರ್ಕನ್ನೂ ದುರ್ಬಲ ಮಾಡುತ್ತೆ.

ಸಿಲಿಂಡರ್ ಕಟ್ಟೋದು

ಆರ್ಗಾನ್ ಸಿಲಿಂಡರ್ ತುಂಬಿದಾಗ ಒಳಗೆ 150 ಬಾರ್ ಹತ್ತಿರ ಒತ್ತಡ ಇರುತ್ತೆ. ಕಾರ್ ಟೈರಲ್ಲಿ ಇರೋದು ಎರಡು, ಎರಡೂವರೆ. ಬಿದ್ದು ವಾಲ್ವ್ ಮುರಿದರೆ ಏನಾಗುತ್ತೆ ಅಂತ ಇದರಲ್ಲೇ ಅಂದಾಜು ಮಾಡ್ಕೊಳ್ಳಿ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಸಿಲಿಂಡರ್ ಸಾಗಿಸೋಕೆ ಗಟ್ಟಿಯಾದ ಟ್ರಾಲಿ ಬಳಸಿ ಅಂತಲೇ ಹೇಳುತ್ತವೆ.

ಸಿಲಿಂಡರ್ ತಟ್ಟೆ ಹಿಂದಿನ ಶಾಫ್ಟ್‌ಗಿಂತ ಸ್ವಲ್ಪ ಮುಂದೆ ಇರಲಿ, ಫ್ರೇಮ್‌ನಿಂದ ಕೆಳಕ್ಕೆ ಇಳಿಬಿಟ್ಟ ಹಾಗೆ. ಶಾಫ್ಟಿನ ಹಿಂದಕ್ಕೆ ನೇತು ಹಾಕೋದು ಸುಲಭ, ನೋಡೋಕೂ ಚೆನ್ನ. ಆದರೆ ರಿಪೇರಿಗೆ ಅಂತ ಮಷಿನ್ ಎತ್ತಿದ ದಿನ ಮುಂದೆ ಭಾರ ಇರಲ್ಲ, ಇಡೀ ಟ್ರಾಲಿ ಹಿಂದಕ್ಕೆ ಮಗುಚುತ್ತೆ. ಸಿಲಿಂಡರ್ ಎತ್ತರದ ಮೂರನೇ ಎರಡು ಭಾಗದಲ್ಲಿ ಒಂದು ಚೈನು, ಕೆಳಗೆ ಒಂದು. ಹಗ್ಗ ಬೇಡ, ಕಿಡಿಗೆ ಸುಡುತ್ತೆ. ಟ್ರಾಲಿ ತಳ್ಳುವಾಗ ವಾಲ್ವ್ ಮುಚ್ಚಿರಬೇಕು, ದೂರ ಒಯ್ಯೋದಾದರೆ ರೆಗ್ಯುಲೇಟರ್ ಬಿಚ್ಚಿ ಕ್ಯಾಪ್ ಹಾಕಬೇಕು. ಕಾರ್ಬನ್ ಡೈಆಕ್ಸೈಡ್ ಮಲಗಿಸಿ ಬಳಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತೆ, ಅಸಿಟಿಲಿನ್ ಅಂತೂ ಮಲಗಿಸಲೇಬಾರದು. ಸಿಲಿಂಡರ್ ಮೈಮೇಲೆ ರಾಡ್ ಗೀಚಿ "ಕರೆಂಟ್ ಬಂತಾ" ಅಂತ ನೋಡೋರೂ ಇದ್ದಾರೆ. ಗೀಚಿದ ಆ ಚುಕ್ಕೆಯಲ್ಲಿ ಉಕ್ಕು ಗಡುಸಾಗಿ ಬಿರುಕು ಬಿಡೋ ಹಾಗಾಗುತ್ತೆ. ಅಂಥ ಸಿಲಿಂಡರನ್ನ ಬಳಸದೇ ಗ್ಯಾಸ್ ಏಜೆನ್ಸಿಗೆ ಹೇಳಿ ವಾಪಸ್ ಕೊಡಬೇಕು.

ಕೆಲವು ಗ್ರಿಲ್ ಅಂಗಡಿಗಳಲ್ಲಿ ಗ್ಯಾಸ್ ಕಟಿಂಗ್‌ಗೆ ಮನೆ ಬಳಕೆಯ 14.2 ಕೆ.ಜಿ. ಎಲ್‌ಪಿಜಿ ಸಿಲಿಂಡರ್ ಇಟ್ಟಿರ್ತಾರೆ. ಅದು ಕಾನೂನುಬಾಹಿರ, 19 ಕೆ.ಜಿ. ಕಮರ್ಷಿಯಲ್ ಸಿಲಿಂಡರೇ ಬೇಕು. ಟ್ರಾಲಿ ತಟ್ಟೆ ಮಾಡುವಾಗಲೇ ಆ ಸೈಜು ನೋಡಿಕೊಳ್ಳಿ.

ಸೈಟ್‌ಗೆ ಹೋಗೋರಿಗೆ, ಪಕ್ಕದ ಅಂಗಡಿಯವರಿಗೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕಂಪನಿ, ಅಪಾರ್ಟ್‌ಮೆಂಟ್ ಒಳಗೆ ಕೆಲಸ ಹಿಡಿಯೋರಿಗೆ ಟ್ರಾಲಿ ಇನ್ನೊಂದು ರೀತಿಯಲ್ಲೂ ಉಪಯೋಗ. ಅಲ್ಲಿ ವೆಲ್ಡಿಂಗ್‌ಗೆ ಮೊದಲು ಹಾಟ್ ವರ್ಕ್ ಪರ್ಮಿಟ್ ಕೇಳ್ತಾರೆ, ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿ ಅಂತ ಸೆಕ್ಯುರಿಟಿಯವರೇ ನಿಲ್ಲಿಸ್ತಾರೆ. ಟ್ರಾಲಿ ಪಕ್ಕಕ್ಕೆ ಒಂದು ರಿಂಗ್ ಅಂಟಿಸಿ ಅದನ್ನ ಅಲ್ಲೇ ಇಟ್ಟುಬಿಡಿ. ಮಾರ್ಬಲ್ ನೆಲಕ್ಕೆ ಕಪ್ಪು ರಬ್ಬರ್ ಗೀರು ಬೀಳುತ್ತೆ, ಅಂಥ ಕಡೆ ಬೂದು ಬಣ್ಣದ ರಬ್ಬರ್ ವೀಲು ಅಥವಾ ಪಿಯು ವೀಲು ಹಾಕ್ಕೊಳ್ಳಿ. ಲಿಫ್ಟಲ್ಲಿ ಸಿಲಿಂಡರ್ ಒಂದೇ ಹೋಗಲಿ, ನೀವು ಮೆಟ್ಟಿಲು ಹತ್ತಿ. ಮುಚ್ಚಿದ ಡಬ್ಬದಲ್ಲಿ ಗ್ಯಾಸ್ ಸೋರಿದರೆ ಉಸಿರಾಡೋ ಗಾಳಿ ಇರಲ್ಲ, ವಾಸನೆಯೂ ಬರಲ್ಲ.

ಇನ್ನು ರಸ್ತೆ ಬದಿ ಅಂಗಡಿಯವರು. ವೆಲ್ಡಿಂಗ್ ಅಂಗಡಿ ಪಕ್ಕ ಬೇಕರಿ, ಟೈಲರ್, ಮೊಬೈಲ್ ಅಂಗಡಿ ಇಟ್ಟವರ ದೂರು ಒಂದೇ: ಬೆಳಕು ಕಣ್ಣಿಗೆ ಹೊಡೆಯುತ್ತೆ. ಸ್ಕೂಲ್ ಬಿಟ್ಟ ಮಕ್ಕಳು ನಿಂತು ನೋಡ್ತಾರೆ, ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ಟ್ರಾಲಿಯ ಒಂದು ಪಕ್ಕಕ್ಕೆ ಎರಡು ಬಾಗಿಲು ಹಿಂಜ್ ಹಾಕಿ, ನಾಲ್ಕಡಿ ಎತ್ತರದ ತೆಳು ಶೀಟು ಕೂರಿಸಿದರೆ ಬೇಕಾದಾಗ ತೆರೆಯೋ ಪರದೆ ಆಗುತ್ತೆ. ಕೂತು ಮಾಡೋ ಕೆಲಸಕ್ಕೆ ಅಷ್ಟು ಸಾಕು. ಒಳಮೈಗೆ ಹೊಳೆಯದ ಕಪ್ಪು ಪೈಂಟ್ ಹೊಡೀರಿ, ಬೆಳಕು ವಾಪಸ್ ನಿಮ್ಮ ಮುಖಕ್ಕೇ ಹೊಡೆಯಲ್ಲ. ಪಕ್ಕದ ಅಂಗಡಿ ಅಣ್ಣನ ಜೊತೆ ದಿನಾ ಆಗೋ ಕಿರಿಕ್ಕೂ ಕಡಿಮೆ.

ಪೈಂಟ್ ಅಂದ್ರೆ, ಮೊದಲು ರೆಡ್ ಆಕ್ಸೈಡ್, ಆಮೇಲೆ ಬಣ್ಣ. ಮಷಿನ್ ಬಾಡಿಯಿಂದ ಟ್ರಾಲಿಗೆ ಒಂದು ಹಸಿರು ವೈರನ್ನ ಬೋಲ್ಟ್ ಹಾಕಿ ಬಿಗಿ ಮಾಡಿ, ಆ ಬೋಲ್ಟ್ ಸುತ್ತ ಮಾತ್ರ ಪೈಂಟ್ ಕೆರೆದು ಲೋಹ ಕಾಣೋ ಹಾಗಿರಲಿ. ಬಣ್ಣದ ಮೇಲೆ ಬಿಗಿದ ಅರ್ತ್, ಅರ್ತ್ ಅಲ್ಲ.

ಮೊದಲ ದಿನವೇ ತುಂಬಿದ ಸಿಲಿಂಡರ್ ಏರಿಸಬೇಡಿ. ತುಂಬಿದ ಸಿಲಿಂಡರ್‌ನಷ್ಟೇ ತೂಕ ಬರೋ ಹಾಗೆ ಎಂ-ಸ್ಯಾಂಡ್ ಚೀಲಗಳನ್ನ ಹಾಕಿ ಕಟ್ಟಿ, ಅಂಗಡಿ ಮುಂದಿನ ಹಂಪ್ ಮೇಲೆ ಎರಡು ಸಲ ಹತ್ತಿಸಿ ಇಳಿಸಿ. ಟ್ಯಾಕ್ ಬಿಟ್ಟಿದೆಯಾ, ಶಾಫ್ಟ್ ಬಾಗಿದೆಯಾ, ಬ್ರೇಕ್ ಇಳಿಜಾರಲ್ಲಿ ಹಿಡಿಯುತ್ತಾ ನೋಡಿ. ಎಲ್ಲ ಸರಿ ಇದ್ದರೆ ಮಷಿನ್ ಏರಿಸಿ. ಒಂದು ವಾರ ಓಡಾಡಿಸಿದ ಮೇಲೆ ಮುಂದಿನ ವೀಲಿನ ಎಂಟೂ ಬೋಲ್ಟನ್ನ ಇನ್ನೊಂದ್ಸಲ ಸ್ಪ್ಯಾನರ್ ಹಾಕಿ ಬಿಗಿ ಮಾಡಿ, ಎರಡು ಮೂರು ಸಡಿಲ ಆಗಿರ್ತಾವೆ.